ಹೊಟ್ಟೆ ತೀಡಿದ ಕೈ

ಕಿರುಗಾವಲು
೧೪-೧೧-೨೦೨೪

ಪ್ರೀತಿಯ ನಾಗಮಣಿ ಅಕ್ಕನಿಗೆ ನಿಮ್ಮ ತಮ್ಮನ ಹೆಂಡತಿ ರಂಜಿತಳ ನಮಸ್ಕಾರ.

ಅತ್ತೆ ನಿನ್ನೆ ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬಂದರು. ಗಂಜಿ ಸಾಕು, ಮುದ್ದೆ ಕೊಡು ಅನ್ನುತ್ತಿದ್ದಾರೆ. ಫೋನಿನಲ್ಲಿ ಒಂದು ವಿಷಯ ಹೇಳಲು ಎರಡು ಸಲ ಹೊರಟು ಎರಡು ಸಲವೂ ಮಾತು ಬದಲಿಸಿದೆ. ಅದಕ್ಕೇ ಈ ಕಾಗದ.

ಆಸ್ಪತ್ರೆಗೆ ಸೇರಿಸುವ ಹಿಂದಿನ ವಾರವೆಲ್ಲ ಅವರಿಗೆ ಕೆಮ್ಮು. ಸೋಮವಾರ ಕೆಮ್ಮುತ್ತಲೇ ಹೊಕ್ಕುಳ ಪಕ್ಕ ಹಿಡಿದುಕೊಂಡು ಕುಳಿತರು. ಬಟ್ಟಿ ಬಿದ್ದಿದೆ, ಹೊಕ್ಕುಳು ಜಾಗ ತಪ್ಪಿದೆ ಅಂದುಕೊಂಡು ಎಣ್ಣೆ ಹಚ್ಚಿ ತೀಡಿದ್ದಾಯಿತು. "ಒಳಗಲ್ಲ ಕಣವ್ವ, ಮ್ಯಾಲೇ ನೋಯ್ತದೆ, ಬುಡು" ಅಂದರು ಅತ್ತೆ. ಸಂಜೆಗೆ ಅಲ್ಲಿ ಮುಷ್ಟಿ ಗಾತ್ರದ ಗಡ್ಡೆ ಎದ್ದಿತ್ತು. ಮುಖ ಬಿಳಿಚಿತ್ತು.

ಮಂಡ್ಯದ ಡಾಕ್ಟರು ಅವರನ್ನು ಮಲಗಿಸಿ, ಕೈ ಊರದೆ ತಲೆ ಎತ್ತಲು ಹೇಳಿ ಗಡ್ಡೆಯ ಮೇಲೆ ಬೆರಳಿಟ್ಟರು. ನೋವು ಹೆಚ್ಚಿತು, ಗಡ್ಡೆ ಅಲ್ಲೇ ಇತ್ತು. ಇದು ಕರುಳಿನದಲ್ಲ, ಹೊಟ್ಟೆಯ ಗೋಡೆಯದು ಅಂದರು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರಾ ಎಂದು ನನ್ನನ್ನೇ ಕೇಳಿದರು. ಸ್ಕ್ಯಾನಿನಲ್ಲಿ ಸ್ನಾಯುವಿನೊಳಗೆ ರಕ್ತ ಕಟ್ಟಿದ್ದು ಕಂಡಿತು. ಹೃದಯದ ಕವಾಟ ಬದಲಿಸಿದಾಗಿನಿಂದ ಅವರಿಗೆ ಆ ಮಾತ್ರೆ ಕೊಡುತ್ತಿರುವವಳು ನಾನು. ನನ್ನ ಔಷಧಿ ಅಂಗಡಿಯಲ್ಲಿ ಅದನ್ನು ಕೊಳ್ಳುವವರಿಗೆಲ್ಲ, ಪೆಟ್ಟು ಬೀಳದಂತೆ ನೋಡಿಕೊಳ್ಳಿ, ಮೈ ತೀಡಿಸಬೇಡಿ ಎಂದು ಹೇಳುವವಳೂ ನಾನೇ.

ಯಾರಾದರೂ ಹೊಟ್ಟೆ ತೀಡಿದರಾ ಎಂದು ಡಾಕ್ಟರು ಕೇಳಿದಾಗ, ಮಾದಯ್ಯನವರು ತೀಡಿದರು ಅಂದುಬಿಟ್ಟೆ. ಊರಲ್ಲಿ ಬಟ್ಟಿ ತೆಗೆಯುವವರು ಅವರೇ ಆದ್ದರಿಂದ ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಿಮ್ಮ ತಮ್ಮ ಅವರ ಮನೆ ಮುಂದೆ ನಿಂತು, "ನಮ್ಮವ್ವನ್ನ ಸಾಯಿಸ್ಬುಡ್ತಿದ್ದೆ ಕಣಯ್ಯ, ಇನ್ಯಾರ ಒಟ್ಟೆನಾದ್ರೂ ಮುಟ್ಟು, ನೋಡ್ಕತೀನಿ" ಎಂದು ಕೂಗಿ ಬಂದರು. ಮಾದಯ್ಯನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ. ಈಗ ಅವರ ಹತ್ತಿರ ಯಾರೂ ಹೋಗುವುದಿಲ್ಲ. ಅತ್ತೆಗೆ ಎಲ್ಲ ಗೊತ್ತು. ಆದರೂ ಮಗನಿಗೆ ಹೇಳಿಲ್ಲ.

ತೀಡಿದ್ದು ನಾನು. ಭಾನುವಾರ ನೀವು ಬಂದಾಗ ನಿಮ್ಮ ತಮ್ಮನೆದುರು ಹೇಳುತ್ತೇನೆ. ಆಗಲೂ ಮಾತು ಬದಲಿಸಿದರೆ ಈ ಕಾಗದವನ್ನು ಗಟ್ಟಿಯಾಗಿ ಓದಿಬಿಡಿ.

ಇಂತಿ ನಿಮ್ಮ
ರಂಜಿತ

ಮತ್ತೆ: ಇದನ್ನು ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. ಅವತ್ತು ಮೊದಲು ಮಾದಯ್ಯನವರನ್ನೇ ಕರೆದಿದ್ದೆ. ಬಂದವರು ಅತ್ತೆಯನ್ನು ಮುಟ್ಟಲಿಲ್ಲ. "ಆ ಮಾತ್ರೆ ನುಂಗೋರ್ನ ತೀಡ್ಬಾರ್ದು ಕಣಮ್ಮ. ನಮ್ಮಣ್ಣಂಗೆ ಮಾತ್ರೆ ಕೊಡೋವಾಗ ನೀನೇ ಯೋಳಿದ್ದಲ್ಲ. ಆಸ್ಪತ್ರೆಗೆ ಕರ್ಕೊಂಡೋಗು" ಅಂದು ಹೊರಟರು. ಅವರು ಬೀದಿ ತಿರುಗಿದ ಮೇಲೆ ನಾನು ಎಣ್ಣೆ ಬಿಸಿ ಮಾಡಿದೆ.