ಮೈದಾನದಲ್ಲಿ ಕೊಟ್ಟ ಹೂ

ಕ್ಯಾಂಟನ್, ಅಮೆರಿಕ, ಶನಿವಾರ

ಅಕ್ಕನಿಗೆ ಶರಣು. ಮೊಮ್ಮಗ ಕುನಾಲನ ಕಾಲೇಜು ಬೇಸ್‌ಬಾಲ್ ತಂಡದ ಈ ವರ್ಷದ ಆಟ ಇವತ್ತಿಗೆ ಮುಗಿಯಿತು. ಸೋತದ್ದೇ ಹೆಚ್ಚು, ಆದರೂ ಹುಡುಗರು ನಗುನಗುತ್ತಲೇ ಇದ್ದರು. ಕುನಾಲನಂತೆ ಈ ವರ್ಷ ಓದು ಮುಗಿಸುವ ಹುಡುಗರು ಕೊನೆಯ ಆಟಕ್ಕೆ ಮೊದಲು ಮನೆಯವರನ್ನು ಮೈದಾನಕ್ಕೆ ಕರೆದೊಯ್ದು, ಎಲ್ಲರೆದುರು ಹೂ ಕೊಡುವುದು ಇಲ್ಲಿಯ ಪದ್ಧತಿ. ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಶುಭದ ಹೊತ್ತಿನಲ್ಲಿ ಮುಂದೆ ನಿಲ್ಲಬಾರದೆಂದು ನಾನು ಹಿಂದಿನ ಬೆಂಚಿನಲ್ಲೇ ಕುಳಿತಿದ್ದೆ. ಕುನಾಲ ಬೂಟು ಟಕಟಕ ಅನ್ನಿಸುತ್ತ ಮೆಟ್ಟಿಲು ಹತ್ತಿ ಬಂದ.

"ಅಜ್ಜಿ, ಲೇಟಾಗ್ತಿದೆ, ಬಾ."

"ನಾ ಬರಬಾರದಪ್ಪ."

"ಯಾರ್ ಹೇಳಿದ್ದು? ಅಜ್ಜ ಇದ್ದಿದ್ರೆ ನಮ್ಮಿಬ್ರಿಗೂ ಬೈತಿದ್ರು, ಏಳು!"

ಕೆಳಗಿನಿಂದ ಮಗಳೂ ಕೈ ಬೀಸಿದಳು. ಹೋದೆ. ಅವಳಿಗೊಂದು ಗೊಂಚಲು, ನನಗೊಂದು ಗೊಂಚಲು ಹಳದಿ ಹೂ ಕೊಟ್ಟ. ಮೈಕಿನಲ್ಲಿ ನನ್ನ ಹೆಸರನ್ನೂ ತಡವರಿಸಿಕೊಂಡು ಓದಿದರು. ಆಮೇಲೆ ಹುಡುಗರು ಆಟ ಸೋತರು.

ಮಂಡಿನೋವು ಕಡಿಮೆಯಾಗಿದೆ, ಬಿಪಿ ಗುಳಿಗೆ ತಪ್ಪಿಸಿಲ್ಲ. ಇನ್ನು ಬರೆಯಲು ಜಾಗವಿಲ್ಲ. ಹೂ ತಗೊಂಡೆನೆಂದು ಇಲ್ಲಿ ಯಾರೂ ಏನೂ ಅನ್ನಲಿಲ್ಲ ಅಕ್ಕ, ನೀನೂ ಅನ್ನಬೇಡ.

ನಿನ್ನ ತಂಗಿ
ಶಿವಲಿಂಗಮ್ಮ