ಹುಲಿಗೆವ್ವ ಎಳೆದ ಬಾಗಿಲು

ಉಪ್ಪಿನ ತೇಲೂರು,
ಬಿಡುಗಡೆಯ ತೊಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳು

ಗುಲಾಮರ ದಂಗೆಗಳ ಸಿನಿಮಾ ಮಾಡುತ್ತಿರುವ ಮತ್ತು ನೋಡುತ್ತಿರುವ, ಎಂದೋ ಆಗಿಹೋದ ಹಿರಿಯರಿಗೆ ದುರುಗಮ್ಮನ ಶರಣು.

ಹದಿಮೂರನೆಯ ತಿಂಗಳು ಎಂದು ಓದಿ ಇವಳಿಗೆ ತಲೆ ಕೆಟ್ಟಿದೆ ಎನ್ನಬೇಡಿ. ಧಣಿಗಳ ಕಾಲದಲ್ಲಿ ನಮಗೆ ರಜೆ ಎಂಬುದೇ ಇರಲಿಲ್ಲ. ಬಿಡುಗಡೆಯಾದ ಮೇಲೆ ನಮ್ಮವರು ಪ್ರತಿ ತಿಂಗಳಿಂದ ಒಂದೆರಡು ದಿನ ಕಿತ್ತು, ರಜೆಗೆಂದೇ ಒಂದು ತಿಂಗಳು ಮಾಡಿಕೊಂಡರು. ನನ್ನ ಮಾತು ಸೊಟ್ಟಗೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಸಿನಿಮಾಗಳಿಂದ. ಹಾಗಾಗಿ ನಡುನಡುವೆ ಭಾಷಣ ಬಂದುಬಿಡುತ್ತದೆ.

ತೇಲೂರು ಎಂದರೆ ಸಮುದ್ರದ ಮೇಲೆ ತೇಲುವ ಊರು. ಕೆಲಸ ಕೊಡುತ್ತೇವೆಂದು ನಮ್ಮ ಹಿರಿಯರನ್ನು ಕೊಪ್ಪಳ, ರಾಯಚೂರಿನ ಕಡೆಯಿಂದ ಇಲ್ಲಿಗೆ ಕರೆತಂದು, ಮರಳಿ ದಡಕ್ಕೆ ಬಿಡದೆ ಉಪ್ಪು ತೆಗೆಸಿದರು. ಕಾಲಿಗೆ ಸರಪಳಿ ಹಾಕಿರಲಿಲ್ಲ. ಸುತ್ತ ಸಮುದ್ರವಿದ್ದು, ಸಿಹಿನೀರಿನ ಬೀಗದಕೈ ಧಣಿಯ ಸೊಂಟದಲ್ಲಿದ್ದರೆ ಸರಪಳಿ ಯಾರಿಗೆ ಬೇಕು? ಈಗ ಅದೇ ತೇಲೂರು ನಮ್ಮದು. ಬೆಳಿಗ್ಗೆ ಎದ್ದು ಉಪ್ಪಿನ ಹಾಸುಗಳನ್ನು ಬಿಸಿಲಿಗೆ ತೆರೆಯುತ್ತೇವೆ, ಸಮುದ್ರದ ಪಾಚಿಯನ್ನು ಒಣಗಿಸಿ ಬೀಸಿದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತೇವೆ. ರುಚಿ ಹೇಗೋ ಗೊತ್ತಿಲ್ಲ, ಬಡಿಯುವ ಸದ್ದು ಮಾತ್ರ ಕೊಪ್ಪಳದ್ದೇ ಎಂದು ಅಲ್ಲಿಂದ ಬಂದ ಹಿರಿಯರು ಹೇಳುತ್ತಿದ್ದರಂತೆ. ನಮ್ಮ ನೀರಿನ ನಲ್ಲಿಗಳಿಗೆ ಬೀಗವಿಲ್ಲ. ಯಾರ ಮನೆಗೆ ಹೋದರೂ ಮೊದಲು ನೀರು, ಆಮೇಲೆ ಮಾತು. ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಪುಕ್ಕಟೆ ಬಂದದ್ದಲ್ಲ.

ಆ ಬಿಡುಗಡೆಯನ್ನು ತಂದವಳು ನನ್ನ ಮುತ್ತಜ್ಜಿ ಹುಲಿಗೆವ್ವ. ಕಾವಲುಗಾರರು ಮಧ್ಯಾಹ್ನ ಉಣ್ಣುತ್ತಿದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗಿದ್ದ ಒಂದು ಕೋಣೆಯಲ್ಲಿ. ಅದನ್ನು ಊಟದ ಗೂಡು ಎನ್ನುತ್ತೇವೆ. ಅದರ ಬಾಗಿಲಿಗೆ ಹೊರಗಿನಿಂದ ಅಗುಳಿ. ಒಂದು ದಿನ ಅವರೆಲ್ಲ ಉಣ್ಣಲು ಕುಳಿತಾಗ ಹುಲಿಗೆವ್ವ ಬಾಗಿಲು ಎಳೆದು, ಅಗುಳಿ ಹಾಕಿ, ತೂಬು ತೆರೆದು ಸಮುದ್ರವನ್ನು ಒಳಗೆ ಬಿಟ್ಟಳು. ಕಾವಲಿಲ್ಲದ ಧಣಿಯ ಸೊಂಟದಿಂದ ನೀರಿನ ಬೀಗದಕೈ ಅಂದೇ ನಮ್ಮವರ ಕೈಗೆ ಬಂತು. ಕಾವಲುಗಾರರ ಜೊತೆ ಬಡಿಸುತ್ತಿದ್ದ ಮಾನಪ್ಪನೂ ಸತ್ತ. ಅವನೂ ನಮ್ಮಂತೆ ಗುಲಾಮ. ಕಾವಲುಗಾರರು ಕುಡಿದು ಬಿಟ್ಟ ನೀರನ್ನು ಕದ್ದು ತಂದು ನಮ್ಮ ಮಕ್ಕಳ ಬಾಯಿಗೆ ಹನಿಸುತ್ತಿದ್ದವನು. ಅವನೊಬ್ಬನನ್ನು ಹೊರಗೆ ಕರೆದಿದ್ದರೆ ಉಳಿದವರಿಗೆ ಅನುಮಾನ ಬರುತ್ತಿತ್ತು.

ಬಿಡುಗಡೆಯಾದ ಕೆಲವು ವರ್ಷಕ್ಕೆ ನಮ್ಮವರು ಇದರದೊಂದು ಸಿನಿಮಾ ಮಾಡಿದರು. ಮಾದರಿಗೆ ಅವರ ಬಳಿ ಇದ್ದದ್ದು ನಿಮ್ಮ ಸಿನಿಮಾಗಳು. ಅವುಗಳಲ್ಲಿ ದಂಗೆಯೇಳುವವನ ಕೈಯಿಂದ ನಿರಪರಾಧಿಯೊಬ್ಬನೂ ಸಾಯುವುದಿಲ್ಲ. ಸತ್ತರೆ ಧಣಿಯ ಗುಂಡಿಗೇ ಸಾಯಬೇಕು. ನಮ್ಮವರೂ ಹಾಗೇ ಮಾಡಿದರು. ಮಾನಪ್ಪ ಒಳಗಿರುವುದು ಹುಲಿಗೆವ್ವನಿಗೆ ಗೊತ್ತೇ ಇರಲಿಲ್ಲ ಎಂದು ತೋರಿಸಿ, ಆಮೇಲೆ ಅವಳಿಂದ ಧಾರಾಳವಾಗಿ ಅಳಿಸಿದರು. ಮೊದಲ ಪ್ರದರ್ಶನದಲ್ಲಿ ಬಾಗಿಲು ಎಳೆಯುವ ದೃಶ್ಯ ಬಂದಾಗ ಸ್ವತಃ ಹುಲಿಗೆವ್ವ ಎದ್ದು ನಿಂತಳಂತೆ.

"ಸುಳ್ಳು ತೋರಸಬ್ಯಾಡ್ರಿ. ಮಾನಪ್ಪ ಒಳಗದಾನಂತ ನನಗ ಗೊತ್ತಿತ್ತು. ಗೊತ್ತಿದ್ದೇ ಎಳದೆ."

ಅವಳ ಹಿಂದೆ ಇಡೀ ಸಭೆ ಎದ್ದಿತು. ಅಂದಿನಿಂದ ಬಾಗಿಲು ಬಂದಾಗ ಎಲ್ಲರೂ ಎದ್ದು ನಿಲ್ಲುವುದು ನಮ್ಮಲ್ಲಿ ಪದ್ಧತಿ. ಆದರೆ ಸಿನಿಮಾ ಮಾತ್ರ ತಿದ್ದಲಿಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಮಾಡಬೇಕು. ಅದನ್ನು ಮರುಚಿತ್ರ ಎನ್ನುತ್ತೇವೆ. ಅದರಲ್ಲಿ ಯಾರೂ ತಮ್ಮ ಮನೆಯ ಹಿರಿಯರ ಪಾತ್ರ ಮಾಡುವಂತಿಲ್ಲ. ಎದುರಿನವರ ಅಂಗಿ ತೊಟ್ಟು ನೋಡಬೇಕು. ಹೋದ ತಲೆಮಾರಿನವರೂ ತೆರೆಯ ಮೇಲೆ ಸುಳ್ಳು ಓಡಿಸಿ, ಕೆಳಗೆ ನಿಜಕ್ಕೆ ಎದ್ದು ನಿಂತರು.

ಈ ಸಲದ ಮರುಚಿತ್ರ ನನ್ನ ಪಾಲಿಗೆ ಬಂತು. ಗೊತ್ತಿದ್ದೇ ಎಳೆದಳು ಎಂದೇ ತೋರಿಸುತ್ತೇನೆ ಎಂದೆ. ಊರಿನ ಹಿರಿಯಳು ಬಸಲಿಂಗಮ್ಮ ತಲೆಯ ಮೇಲೆ ಕೈ ಹೊತ್ತಳು. ನಮ್ಮನ್ನು ಒಂದು ಊರೆಂದು ಒಪ್ಪಿಕೊಳ್ಳುವುದೋ ಬೇಡವೋ ನೋಡಲು ದಡದಿಂದ ಮೊದಲ ಸಲ ಅತಿಥಿಗಳು ಬರುವವರಿದ್ದರು.

"ದಡದಾವ್ರು ನಮ್ಮನ್ನ ಕೊಲೆಗಡುಕ್ರು ಅಂತಾರ, ದುರುಗಿ. ನಿಮ್ಮ ಮುತ್ತಜ್ಜಿ ಮಾನ ನೀನ ಕಳೀತಿಯೇನು?"

ಕೊನೆಗೆ ಸಭೆ ಹೀಗೆ ತೀರ್ಮಾನಿಸಿತು: ಹುಲಿಗೆವ್ವನ ಪಾತ್ರ ಮಾಡುವವಳು ಮಾನಪ್ಪನ ಮರಿಮಗಳು ಯಂಕಮ್ಮ. ಅವಳು ಗೊತ್ತಿದ್ದೂ ಬಾಗಿಲು ಎಳೆದರೆ ಆ ದೃಶ್ಯ ಇರಲಿ, ಎಳೆಯದಿದ್ದರೆ ಕತ್ತರಿಸಿ. ಮಾನಪ್ಪನ ಪಾತ್ರ ನನಗೆ ಬಂತು. ಮೀಸೆ ಅಂಟಿಸಿಕೊಂಡು ಗೂಡಿಗೆ ಇಳಿದೆ.

ಮೊದಲ ದಿನ ಯಂಕಮ್ಮ ಬಾಗಿಲಿಗೆ ಕೈಯಿಟ್ಟು, ನನ್ನನ್ನು ನೋಡಿ, ಕೈ ಬಿಟ್ಟು ಮನೆಗೆ ಹೋದಳು. ನಾನು ಕರೆಯಲು ಹೋಗಲಿಲ್ಲ. ಮರುದಿನ ತಾನೇ ಬಂದಳು. ನಾನು ರೊಟ್ಟಿ ಬಡಿಸುತ್ತ ತಲೆಯೆತ್ತಿದೆ. ನಮ್ಮಿಬ್ಬರ ಕಣ್ಣು ಕೂಡಿತು. ಅವಳು ಎಳೆದಳು. ಅಗುಳಿ ಬಿದ್ದ ಸದ್ದು ಕೇಳಿದಾಗ, ಹುಲಿಗೆವ್ವನ ರಕ್ತವೇ ಆದ ನನಗೆ ಹುಲಿಗೆವ್ವನ ಮೇಲೆ ತಡೆಯಲಾರದ ಕೋಪ ಬಂತು. ಒಂದು ಸಲ ನನ್ನ ಹೆಸರು ಕರೆಯಬಾರದಿತ್ತೇ ಎನ್ನಿಸಿತು. ಬಾಗಿಲು ತೆರೆದಾಗ ಯಂಕಮ್ಮ ನೆಲದ ಮೇಲೆ ಕುಳಿತು ಅಳುತ್ತಿದ್ದಳು.

"ನಾನಾಗಿದ್ರೂ ಎಳೀತಿದ್ದೆ, ದುರುಗಿ. ಅದಕ್ಕ ನನಗ ಸಿಟ್ಟು ಬರತೈತಿ."

ನಿನ್ನೆ ಪ್ರದರ್ಶನವಾಯಿತು. ಬಾಗಿಲು ಬಂತು, ಊರೆಲ್ಲ ಎದ್ದಿತು. ಅತಿಥಿಗಳು ಕಕ್ಕಾಬಿಕ್ಕಿಯಾಗಿ ಕುಳಿತೇ ಇದ್ದರು. ಅವರ ಕಡೆ ಬಗ್ಗಿ ಹೇಳಿದವಳು ಬಸಲಿಂಗಮ್ಮನೇ: "ನಮ್ಮ ಸಲುವಾಗಿ ಸತ್ತಾವ ಒಳಗದಾನ್ರಿ. ಎದ್ದು ನಿಲ್ರಿ." ಅವರೂ ಎದ್ದರು. ನಮ್ಮನ್ನು ಊರೆಂದು ಒಪ್ಪುತ್ತಾರೋ ಇಲ್ಲವೋ, ಇನ್ನೂ ತಿಳಿಸಿಲ್ಲ. ನನಗಂತೂ ಹುಟ್ಟಿದಾಗಿನಿಂದ ಈ ಊರಿನ ಮೇಲೆ ಇಷ್ಟು ಹೆಮ್ಮೆ ಬಂದದ್ದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ದಂಗೆಯೆದ್ದವರ ಕೈಯನ್ನು ನೀವು ತೊಳೆಯಲು ಹೋಗಬೇಡಿ. ತೊಳೆಯದಿದ್ದರೂ ಧಣಿಯ ಪಾಪ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ, ಹೆದರಬೇಡಿ. ಬಾಗಿಲು ಎಳೆಯುವವಳಿಗೆ ಒಳಗೆ ಯಾರಿದ್ದಾರೆಂದು ಗೊತ್ತಿರಲಿ, ನೋಡುವವರಿಗೂ ಗೊತ್ತಿರಲಿ. ಹುಲಿಗೆವ್ವನಿಗೆ ನಿಮ್ಮ ಕ್ಷಮೆ ಬೇಕಾಗಿರಲಿಲ್ಲ. ಮಾನಪ್ಪನ ಹೆಸರು ಉಳಿಯಬೇಕಾಗಿತ್ತು.

ಇನ್ನು ಹೊರಡುತ್ತೇನೆ. ಯಂಕಮ್ಮ ಊಟಕ್ಕೆ ಕರೆದಿದ್ದಾಳೆ. ಹೋದ ಕೂಡಲೇ ಮಾನಪ್ಪನ ಮರಿಮಗಳು ಹುಲಿಗೆವ್ವನ ಮರಿಮಗಳ ಕೈಗೆ ನೀರು ಕೊಡುತ್ತಾಳೆ. ಮಾತು ಆಮೇಲೆ.