ಟೇಪು ಸುತ್ತಿದ ಹೆರಿಗೆ ಚೀಲ

ಹೆರಿಗೆ ಆಸ್ಪತ್ರೆಯ ಮೇಲ್ವಿಚಾರಕರೇ,

ನನ್ನ ದೂರನ್ನು ನಂಬಿ, ಪ್ರವೇಶ ಕೌಂಟರಿನಲ್ಲಿದ್ದ ಹೆಂಗಸನ್ನು ಕೆಲಸದಿಂದ ತೆಗೆದಿದ್ದೀರಿ. ನಂಬಬಾರದಿತ್ತು. ದೂರಿನಲ್ಲಿ ಸುಳ್ಳಿರಲಿಲ್ಲ, ನಿಜ. ಆದರೆ ಅರ್ಧ ಹೇಳಿ ಅರ್ಧ ನುಂಗಿದ ಮಾತು ಸುಳ್ಳಿಗಿಂತ ಚೆನ್ನಾಗಿ ಓಡುತ್ತದೆ ಎಂಬುದು ನನಗೂ ಈಗಲೇ ಗೊತ್ತಾದದ್ದು. ನುಂಗಿದ ಅರ್ಧವನ್ನು ಇಲ್ಲಿ ಎಲ್ಲರೆದುರು ಕಕ್ಕುತ್ತಿದ್ದೇನೆ.

ನಾನು ಗಾಜಿನ ಸಾಮಾನಿನ ಗೋದಾಮಿನಲ್ಲಿ ಪ್ಯಾಕ್ ಮಾಡುವವನು. ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ, ನಡುವೆ ಬೆರಳು ತೂರುವಷ್ಟೂ ಸಂದು ಬಿಡಬಾರದು. ಇದೇ ನನ್ನ ವೇದ. ಹೆರಿಗೆಗೆ ಏನೇನು ತರಬೇಕೆಂದು ತಾವು ಹಂಚುವ ಪಟ್ಟಿ ಹಿಡಿದು ಹೆಂಡತಿ ಚೀಲ ತುಂಬಿಟ್ಟಿದ್ದಳು. ನಾನು ನೋಡಿ ನಕ್ಕು, ಎಲ್ಲವನ್ನೂ ನೆಲಕ್ಕೆ ಸುರಿದೆ.

"ಚೆಕಪ್ ಫೈಲು ಮೇಲಿರ್ಲಿ ರೀ, ಮೊದಲು ಅದನ್ನೇ ಕೇಳ್ತಾರಂತೆ" ಅಂದಳು.

"ಹದಿನಾಲ್ಕು ವರ್ಷದಿಂದ ಒಂದು ಲೋಟ ಒಡೆದಿಲ್ಲ ನಾನು. ನನಗೆ ಪ್ಯಾಕಿಂಗ್ ಹೇಳ್ಕೊಡ್ತೀಯಾ?"

"ನಾನು ಲೋಟ ಅಲ್ಲ ರೀ. ಹೆರೋಳು."

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಫೈಲು ಅಗಲವಾಗಿದೆ, ಗಟ್ಟಿಯಾಗಿದೆ, ತಳಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಅದನ್ನು ಕೆಳಗಿಟ್ಟೆ. ಅದರ ಮೇಲೆ ಫ್ಲಾಸ್ಕು, ಟವೆಲು, ಹಳೇ ಸೀರೆಯ ತುಂಡು, ಮಗುವಿನ ಟೋಪಿ. ಜಿಪ್ಪು ಸಡಿಲವೆಂದು ಮೇಲೆ ಮೂರು ಸುತ್ತು ಟೇಪು ಬೇರೆ!

ನೋವು ಶುರುವಾದ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ತಮ್ಮ ಕೌಂಟರಿನ ಮುಂದಿದ್ದೆವು. ಗೋಡೆಯ ಮೇಲೆ ತಮ್ಮದೇ ಸಹಿಯ ಫಲಕ: "ಫೈಲು ಇಲ್ಲದೆ ಪ್ರವೇಶವಿಲ್ಲ." ಆ ಹೆಂಗಸು ಫಲಕದ ಮಾತನ್ನೇ ಕೇಳಿದಳು.

"ಅಣ್ಣಾ, ಫೈಲು?"

"ಚೀಲದಲ್ಲಿದೆ ಅಕ್ಕಾ, ಒಂದೇ ನಿಮಿಷ."

ನಾನು ಸುತ್ತಿದ ಟೇಪು ನನಗೇ ಬಗ್ಗಲಿಲ್ಲ. ಉಗುರು ಹಾಕಿದೆ, ಹಲ್ಲು ಹಾಕಿದೆ. "ಇದೇನಣ್ಣಾ, ಹೆರಿಗೆಗೆ ಬಂದ್ಯೋ ಪಾರ್ಸಲ್ ಕಳ್ಸೋಕ್ ಬಂದ್ಯೋ?" ಎಂದಳು ಆಕೆ. ಅಷ್ಟರಲ್ಲಿ ಹೆಂಡತಿ ಗೋಡೆ ಹಿಡಿದು ಬಗ್ಗಿದಳು. "ರೀ" ಅಂದಳು. "ಇರು, ಇರು" ಅಂದೆ. ಮತ್ತೆ "ರೀ" ಅಂದಳು. ನಾನು ಟವೆಲುಗಳ ನಡುವೆ ಮೊಣಕೈವರೆಗೆ ಇಳಿದಿದ್ದೆ. ಫೈಲು ಸಿಕ್ಕಿತು! ಗೆದ್ದವನ ಹಾಗೆ ಎತ್ತಿ ಹಿಡಿದರೆ ಕೌಂಟರು ಖಾಲಿ. ತಿರುಗಿ ನೋಡಿದೆ. ಬೆಂಚಿನ ಮೇಲೆ ಹೆಂಡತಿ. ಅವಳ ಕೈ ಆ ಹೆಂಗಸಿನ ಕೈಯಲ್ಲಿ. "ಸಿಸ್ಟರ್, ಬೇಗ ಬನ್ನಿ!" ಎಂದು ಆಕೆ ಕೂಗಿದ್ದು ಇಡೀ ಮಹಡಿಗೆ ಕೇಳಿತು. ನರ್ಸು ಓಡಿ ಬಂದರು. ಮಗಳು ಬೆಂಚಿನ ಮೇಲೇ ಹುಟ್ಟಿದಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಸಂಜೆ ಅತ್ತೆ ಬಂದು ಕೇಳಿದರು: "ಅಲ್ಲಪ್ಪಾ, ಇಷ್ಟು ದೊಡ್ಡ ಆಸ್ಪತ್ರೇಲಿ ನನ್ನ ಮಗಳಿಗೆ ಬೆಂಚೇ ಗತಿಯಾಯ್ತಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣ, ಪಕ್ಕದವರ ಹೆಗಲು ತೋರಿಸಿದೆ. "ಫೈಲು ಕೇಳಿ ತಡೆದರು, ಆಮೇಲೆ ಕೌಂಟರಿನಲ್ಲಿ ಯಾರೂ ಇರಲಿಲ್ಲ" ಎಂದು ಬರೆದು ತಮ್ಮ ದೂರಿನ ಪೆಟ್ಟಿಗೆಗೆ ಹಾಕಿದೆ. ಎರಡೂ ನಿಜವೇ! ಆಕೆ ಕೌಂಟರು ಬಿಟ್ಟು ಎಲ್ಲಿಗೆ ಹೋಗಿದ್ದಳು ಎಂಬುದನ್ನು ಮಾತ್ರ ಬರೆಯಲಿಲ್ಲ.

ಒಂಬತ್ತನೇ ದಿನ ತಮ್ಮ ಉತ್ತರ ಬಂತು: "ಅನುಮತಿಯಿಲ್ಲದೆ ಸ್ಥಳ ಬಿಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗಿದೆ." ಎಂಥ ಚುರುಕು! ಆಕೆಯನ್ನು ಕರೆದು ಒಂದು ಮಾತು ಕೇಳಿದಿರಾ? ಬೆಂಚಿನ ಮೇಲೆ ಹೆತ್ತವಳನ್ನು ಕೇಳಿದಿರಾ? ಪಟ್ಟಿಯಲ್ಲಿ ಫೈಲನ್ನು ಕಟ್ಟಕಡೆಗೆ, ಇಪ್ಪತ್ತೊಂದನೆಯದಾಗಿ ಬರೆದು, ಬಾಗಿಲಲ್ಲಿ ಅದನ್ನೇ ಮೊದಲು ಕೇಳಿಸುವ ತಮ್ಮನ್ನು ಯಾವ ಸ್ಥಳದಿಂದ ತೆಗೆಯಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಗಾದೆಯಲ್ಲಿ ಎಮ್ಮೆ ಬಂದದ್ದಕ್ಕೆ ಕೌಂಟರಿನ ಆ ಅಕ್ಕ ಕ್ಷಮಿಸಲಿ.

ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಹಾಲು ಕುಡಿಸುತ್ತಿದ್ದವಳು ತಲೆಯೆತ್ತಿದಳು.

"ಆ ಅಕ್ಕನ ಕೈ ಹಿಡ್ಕೊಂಡೇ ನಾನು ಹೆತ್ತಿದ್ದು. ಅವಾಗ ನೀವೆಲ್ಲಿದ್ರಿ?"

"ಅಲ್ಲೇ ಇದ್ನಲ್ಲ, ಚೀಲ ಬಿಚ್ತಾ..."

ಅವಳು ಮಗಳನ್ನೆತ್ತಿಕೊಂಡು ಒಳಕೋಣೆಗೆ ಹೋದಳು, ನನ್ನ ಚಾಪೆ ಹೊರಗೆ ಬಂತು. ಮೂರು ದಿನವಾಯಿತು.

ಉತ್ತರ ಬಂದ ಮರುದಿನವೇ ತಮ್ಮ ಕಚೇರಿಗೆ ಬಂದಿದ್ದೆ. "ದೂರು ಕೊಡೋಕೆ ಫಾರಂ ಇದೆ, ವಾಪಸ್ ತಗೊಳ್ಳೋಕೆ ಇಲ್ಲ" ಎಂದರು ಗುಮಾಸ್ತರು. ಅದಕ್ಕೇ ಈ ಪತ್ರ ಪತ್ರಿಕೆಗೆ ಬಂದಿದೆ.

ನನ್ನ ದೂರು ಹರಿದುಹಾಕಿ. ಆಕೆಯನ್ನು ಅದೇ ಕುರ್ಚಿಗೆ ಕರೆದು ಕೂರಿಸಿ, "ತಪ್ಪಾಯಿತು" ಎಂದು ಕಾಗದದಲ್ಲಿ ಬರೆದುಕೊಡಿ. ನೋವು ತಿನ್ನುತ್ತ ಬಂದವಳನ್ನು ಮೊದಲು ಒಳಗೆ ಬಿಡಿ, ಫೈಲು ಹಿಂದಿನಿಂದ ಬರಲಿ. ಆಕೆ ಮರಳಿದ ದಿನ ಮಗಳನ್ನೆತ್ತಿಕೊಂಡು ನಾವಿಬ್ಬರೂ ಬರುತ್ತೇವೆ, ಹೆಂಡತಿ ಒಪ್ಪಿದರೆ. ಚೀಲ ತರುವುದಿಲ್ಲ.

ಇಂತಿ,
ಬರೆ ತಪ್ಪಿಸಿಕೊಂಡ ಎತ್ತು